ನರಸಿಂಹಪ್ಪನ ಎಡೆ

ಸಾದಲಿಯ ವೆಂಕಟರತ್ನಮ್ಮನ ಅಪ್ಪ ನರಸಿಂಹಪ್ಪ ಬದುಕಿರುವಷ್ಟು ಕಾಲ ಕುಡಿದವರನ್ನು ಹುಳುಮನೆಯ ಹತ್ತಿರ ಸೇರಿಸಿದವನಲ್ಲ. ರೇಷ್ಮೆಹುಳುವಿಗೆ ಆ ವಾಸನೆ ಆಗದು ಎನ್ನುವುದು ನೆಪ. ಆಗದೆ ಇದ್ದದ್ದು ಅವನಿಗೇ. ತನ್ನಪ್ಪ ಕುಡಿದು ಕುಡಿದು ಸತ್ತದ್ದನ್ನು ಕಣ್ಣಾರೆ ಕಂಡಿದ್ದ. ಮನೆಅಳಿಯ ಒಂದು ಸಂಜೆ ತೂರಾಡುತ್ತ ಬಂದಾಗ, ಜಗುಲಿಗೆ ಚಾಪೆ ಎಸೆದು ಬಾಗಿಲು ಹಾಕಿಕೊಂಡ ಮಾವ ಅವನು. ವೆಂಕಟರತ್ನಮ್ಮ ಒಳಗೆ ಅಳುತ್ತ ಕೂತಿದ್ದಳು, ಆದರೂ ಅಪ್ಪನದೇ ಸರಿ ಅನ್ನಿಸಿತ್ತು. ಅಳಿಯ ಮತ್ತೆ ಕುಡಿಯಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಅವರ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಫೋಟೋದ ಮುಂದೆ ಎಲೆ ಹಾಸಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಬೇಕು. ಮುದ್ದೆ, ಕೋಳಿಸಾರು, ಬೀಡಿ, ಬಹಳ ಮನೆಗಳಲ್ಲಿ ಬ್ರಾಂದಿಯೂ. ಅದಕ್ಕೇ ನರಸಿಂಹಪ್ಪ ಹಾಸಿಗೆ ಹಿಡಿದಾಗ ಒಬ್ಬಳೇ ಮಗಳನ್ನು ಕರೆದು, "ನನ್ನ ಎಡೇಲಿ ಅದೊಂದು ಇಡಬ್ಯಾಡ ಕಣಮ್ಮ. ಇಟ್ರೆ ನಾನು ಬರಲ್ಲ," ಎಂದಿದ್ದ. ಮಗಳು ಮಾತು ಉಳಿಸಿಕೊಂಡು ಬಂದಿದ್ದಳು.

ಇಂಥ ಗಟ್ಟಿಗಿತ್ತಿ ಮಾಡಿಕೊಂಡ ಎಡವಟ್ಟು ನೋಡಿ. ಹೋದ ವರ್ಷ ಹಬ್ಬ ಕಳೆದ ಮೇಲೆ ಕಾರಿನಲ್ಲಿ ಯಾರೋ ಬಂದು, ನಂದಿಯ ಹತ್ತಿರ ಈ ಸೀಮೆಯ ಚರಿತ್ರೆಯನ್ನೆಲ್ಲ ಒಂದು ಕಡೆ ಜೋಪಾನ ಮಾಡುತ್ತಿದ್ದೇವೆ, ಹಳೆಯದೇನಾದರೂ ಇದ್ದರೆ ಕೊಡಿ ಎಂದರು. ಬೀಸುವ ಕಲ್ಲು ಕೊಟ್ಟಳು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಕೊಟ್ಟಳು. ಅವರ ಕಣ್ಣು ಗೋಡೆಯ ಮೇಲಿನ ಫೋಟೋದಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ ಅಪ್ಪನ ಮೇಲೆ ಬಿತ್ತು. ಹಬ್ಬಕ್ಕೆ ಬೇಕಾದರೆ ಒಯ್ಯಬಹುದು ಎಂದೂ ಹೇಳಿದರು. ಮ್ಯೂಸಿಯಂ ಇರಬೇಕು, ದೊಡ್ಡವರೆಲ್ಲ ಅಪ್ಪನನ್ನು ನೋಡಲಿ ಎಂದುಕೊಂಡು ಗಾಜು ಒರೆಸಿ, ಕುಂಕುಮವಿಟ್ಟು, ಕೈಯಾರೆ ಎತ್ತಿಕೊಟ್ಟಳು. ಮನೆಯಲ್ಲಿದ್ದದ್ದು ಅದೊಂದೇ ಫೋಟೋ.

ಈ ವರ್ಷ ಹಬ್ಬದ ಹಿಂದಿನ ದಿನ ತರಲು ಹೋದಾಗ ಗೊತ್ತಾಯಿತು, ಅದು ಬಾರು. ಕೆಳಗೆ 'ಸಂತೆ': ಮರದ ಬೆಂಚು, ಬಿಯರು, ಯಾರು ಬೇಕಾದರೂ ಬರಬಹುದು. ಮೇಲೆ 'ದರ್ಬಾರ್': ಮೆತ್ತನೆ ಸೋಫಾ, ಬಣ್ಣಬಣ್ಣದ ಕಾಕ್‌ಟೇಲು, ಶೂ ಇಲ್ಲದವರಿಗೆ ಪ್ರವೇಶವಿಲ್ಲ. ಬರಿಗಾಲಲ್ಲೇ ಬದುಕು ಸವೆಸಿದ ನರಸಿಂಹಪ್ಪ ದರ್ಬಾರಿನಲ್ಲಿದ್ದ, ಬಾಟಲಿಗಳ ಸಾಲಿನ ನಟ್ಟನಡುವೆ. ವೆಂಕಟರತ್ನಮ್ಮ ಫೋಟೋ ಇಳಿಸಿಕೊಡಿ ಎಂದಳು.

"ಗೋಡೆ ಒಳಗೇ ಕೂರಿಸಿಬಿಟ್ಟಿದ್ದಾರಮ್ಮ. ತೆಗೆಯೋಕೆ ಹೋದ್ರೆ ಫೋಟೋನೇ ಹಾಳಾಗುತ್ತೆ," ಎಂದ ಮ್ಯಾನೇಜರ್ ಅಚ್ಯುತ್. "ಕಾಪಿ ಮಾಡಿಸಿಕೊಡ್ತೀನಿ."

"ಕಾಪಿಗೆ ಎಡೆ ಇಡಕಾಗ್ತದಾ ಸಾಮಿ?"

ಅಚ್ಯುತ್ ಯೋಚಿಸಿ, ನಾಳೆ ಬಾರು ತೆರೆಯುವ ಮುಂಚೆ ಬಂದು ಇಲ್ಲೇ ಇಡಿ ಎಂದ. ಬೈದಿದ್ದರೆ ಜಗಳವಾಡಬಹುದಿತ್ತು. ಕೈಮುಗಿದು ಮಾತಾಡುವವನ ಹತ್ತಿರ ಏನಂತ ಜಗಳ?

ಮಾರನೆಯ ದಿನ ಅಡುಗೆ ಹೊತ್ತುಕೊಂಡು ಬಂದಳು. ಸಪ್ಲೈಯರ್ ಮುನೇಶ್, ಚಿಂತಾಮಣಿ ಕಡೆಯ ನಡುವಯಸ್ಸಿನವನು, ನೆಲ ಒರೆಸಿ ಎಲೆ ಹಾಸಿಕೊಟ್ಟ. ಕೆಲಸಕ್ಕೆ ರಜೆ ಸಿಗದೆ ತನ್ನಪ್ಪನಿಗೆ ಈ ಸಲ ಎಡೆ ಇಡಲಾಗಲಿಲ್ಲ ಎಂದು ಕಣ್ಣೊರೆಸಿಕೊಂಡ. ಬಡಿಸುತ್ತಿದ್ದ ವೆಂಕಟರತ್ನಮ್ಮನ ಕಣ್ಣು ಮತ್ತೆ ಮತ್ತೆ ಬಾಟಲಿಗಳ ಕಡೆ ಹೋಗುತ್ತಿತ್ತು. ಅಪ್ಪನಿಗೆ ಇದು ಆಗುತ್ತಿರಲಿಲ್ಲ ಎಂದು ಹೇಳೋಣವೆಂದರೆ, ಅದರಲ್ಲೇ ಅನ್ನ ತಿನ್ನುವವನ ಮುಂದೆ ಹೇಗೆ ಹೇಳುವುದು?

ಊದುಬತ್ತಿ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಇಣುಕುವಂತಿಲ್ಲ.

"ನೀವು ನಡೀರಮ್ಮ, ಬಾಗಿಲು ನಾನು ಹಾಕ್ಕೊಂಡು ಬರ್ತೀನಿ," ಎಂದ ಮುನೇಶ್.

ಹೊರಗೆ ನಿಂತು ಅವಳು ಮನಸ್ಸಿನಲ್ಲೇ ಕರೆದಳು: ಬಾರಪ್ಪ, ಜಾಗ ನೋಡಬ್ಯಾಡ, ನಿನ್ನ ಮಗಳ ಕೈಯಡುಗೆ ನೋಡು. ಆಮೇಲೆ ಬಾಗಿಲು ತಟ್ಟಿ ತೆರೆದಳು.

ಎಲೆಯ ಬಲಗಡೆ ಎತ್ತರದ ಗಾಜಿನ ಲೋಟವಿತ್ತು. ಅಂಚಿಗೆ ನಿಂಬೆಹೋಳು, ಒಳಗೆ ಬಣ್ಣದ ಮದ್ಯ, ಕರಗುತ್ತಿದ್ದ ಐಸು.

"ನೀವು ಬಾಟಲಿ ಕಡೇನೇ ನೋಡ್ತಾ ಇದ್ರಿ. ಕೇಳಕ್ಕೆ ಸಂಕೋಚ ಅಂತ ಗೊತ್ತಾಯ್ತು," ಎಂದ ಮುನೇಶ್ ಮೆಲ್ಲಗೆ. "ಇಲ್ಲಿರೋದ್ರಲ್ಲಿ ಒಳ್ಳೇದೇ ಇಟ್ಟಿದ್ದೀನಮ್ಮ. ನಮ್ಮಪ್ಪಂಗೆ ಇಟ್ಟಂಗೇ ಆಯ್ತು."

ಇಟ್ಟರೆ ಬರುವುದಿಲ್ಲ ಎಂದಿದ್ದ ಅಪ್ಪ. ಮುಚ್ಚಿದ ಬಾಗಿಲು ತೆರೆದಾಗಿತ್ತು. ಇನ್ನು ಈ ವರ್ಷಕ್ಕೆ ಮತ್ತೊಂದು ಎಡೆಯಿಲ್ಲ.

"ಬಂದಿದ್ರು ಅಲ್ವಾಮ್ಮ?" ಮುನೇಶ್ ಅವಳ ಮುಖವನ್ನೇ ನೋಡುತ್ತಿದ್ದ.

"ಹೂಂ ಕಣಪ್ಪ," ಎಂದಳು. "ನಮ್ಮಪ್ಪ, ನಿಮ್ಮಪ್ಪ, ಇಬ್ರೂ ಬಂದಿದ್ರು."

ಗೋಡೆಯ ಕಡೆ ತಲೆಯೆತ್ತದೆ ಎಲೆ ತೆಗೆಯಲು ಬಗ್ಗಿದಳು.