ಕೆಮ್ಮು ಅನ್ನುವಂತಿರಲಿಲ್ಲ

ಅಣ್ಣನ ಕುದುರೆ ಕೆಮ್ಮಲು ಶುರುಮಾಡಿದ್ದು ಕಬ್ಬಿನ ಹಂಗಾಮಿನಲ್ಲಿ. ಭೋಜದ ಆಚೆ ನಮ್ಮ ತೋಟದ ಮನೆ. ಕಬ್ಬು ಕಡಿದ ಮೇಲೆ ಸುತ್ತಲಿನವರು ರವದಿಗೆ, ಅಂದರೆ ಉಳಿದ ಒಣ ಸೋಗೆಗೆ, ಬೆಂಕಿ ಹಚ್ಚುತ್ತಾರೆ. ಆ ಹೊಗೆ ಹೊಲದ ಮೇಲೆಯೇ ಮಲಗಿರುತ್ತದೆ. ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ, ರವಿವಾರ ಅಣ್ಣನ ಮನೆಗೆ ಹೋಗುತ್ತೇನೆ. ಅಂಥ ಒಂದು ರವಿವಾರ ಕೊಟ್ಟಿಗೆಯ ಕಡೆಯಿಂದ ಒಣ ಶಬ್ದ ಕೇಳಿಸಿತು.

"ಯಾರ ಕೆಮ್ಮಾಕತ್ತಾರ?" ಅಂದೆ.

ವೈನಿ, ಅಂದರೆ ಅಣ್ಣನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹಂಗ ಅನಬ್ಯಾಡ್ರಿ ಮಾಸ್ತರ, ನಿಮ್ಮಣ್ಣಗ ಕೇಳಸ್ತೈತಿ. ಆಕಿ ಗಂಟಲಾ ಸಾಫ್ ಮಾಡ್ಕೊಳ್ಳಾಕತ್ತಾಳ." ಹೇಳಿ ಮತ್ತೆ ಬಡಿಯತೊಡಗಿದರು. ನಗಲಿಲ್ಲ.

ಅಣ್ಣ ಕುಡಿಯುವವನಲ್ಲ. ನಿಪ್ಪಾಣಿಯ ಸೀಮೆಯಲ್ಲಿ ಹುಟ್ಟಿಯೂ ತಂಬಾಕು ಮುಟ್ಟಿದವನಲ್ಲ. ಅವನಿಗಿದ್ದ ಚಟ ಕುದುರೆ ಗಾಡಿಯ ಓಟದ ಶರ್ಯತ್ತು ಒಂದೇ. ಅಥಣಿ, ಕಾಗವಾಡ, ರಾಯಬಾಗ, ಎಲ್ಲಿ ಶರ್ಯತ್ತು ಇದ್ದರೂ ಗಾಡಿ, ಕುದುರೆ ಎರಡನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತಿದ್ದ. ತಾನೇ ಗಾಡಿ ಹೊಡೆಯುತ್ತಿದ್ದ, ತನ್ನ ಗಾಡಿಯ ಮೇಲೆ ತಾನೇ ಪಣ ಕಟ್ಟುತ್ತಿದ್ದ. ಮೊದಲು ಕೆಲವು ಸಲ ಗೆದ್ದ. ಆಮೇಲೆ ಸೋಲತೊಡಗಿದ. ಸೋಲು ಹೆಚ್ಚಾದಂತೆ ಮೊಬೈಲ್ ನೋಡುವುದೂ ಹೆಚ್ಚಾಯಿತು. ಮನಸ್ಸು ಪಾಸಿಟಿವ್ ಇಟ್ಟುಕೊಳ್ಳುವುದು ಹೇಗೆ ಅಂತ ಅದರಲ್ಲಿ ಯಾರೋ ಒಬ್ಬ ಮರಾಠಿಯಲ್ಲಿ ಹೇಳುತ್ತಿದ್ದ. ಅಣ್ಣ ಹಾಲು ಹಿಂಡುವಾಗಲೂ ಅದನ್ನು ಗೋಡೆಗೆ ಆನಿಸಿಟ್ಟು ಕೇಳುತ್ತಿದ್ದ.

ಅದು ನಮ್ಮ ಮನೆಗೆ ಪೂರ್ತಿ ಹೊಸ ಮಾತೂ ಆಗಿರಲಿಲ್ಲ. ನಮ್ಮವ್ವ ದೀಪ ಆರಿಸು ಅಂದವಳಲ್ಲ, ದೊಡ್ಡದು ಮಾಡು ಅನ್ನುತ್ತಿದ್ದಳು. ಬಳೆ ಒಡೆದರೆ ಹೆಚ್ಚಿದವು ಅನ್ನುತ್ತಿದ್ದಳು. ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವಂತಿರಲಿಲ್ಲ. ಕೆಟ್ಟದ್ದನ್ನು ಬಾಯಿಗೆ ತರದಿದ್ದರೆ ಅದು ಮನೆಯೊಳಗೆ ಬರುವುದಿಲ್ಲ ಅಂತ ನಾವು ಕಲಿಯದೇ ಕಲಿತಿದ್ದೆವು. ಅವ್ವ ದೀಪಕ್ಕೆ ಮಾಡಿದ್ದನ್ನು ಅಣ್ಣ ಕುದುರೆಗೆ ಮಾಡಿದ. ಸೋಲು, ದಣಿವು, ಕುಂಟು, ಕೆಮ್ಮು, ಈ ಮಾತುಗಳು ಮನೆಯಿಂದ ಒಂದೊಂದಾಗಿ ಹೋದವು. ಕುದುರೆ ನೀರು ಕುಡಿಯದಿದ್ದರೆ ಅದಕ್ಕೆ ತೃಪ್ತಿಯಾಗಿದೆ ಅನ್ನಬೇಕು. ಶರ್ಯತ್ತಿಗೆ ಹೊರಡುವ ಮುಂಜಾನೆ ವೈನಿ ಹೊಸ್ತಿಲಲ್ಲಿ ನಿಂತು, ಆಗಲೇ ಗೆದ್ದು ಬಂದವರಿಗೆ ಮಾಡುವಂತೆ ಆರತಿ ಮಾಡಬೇಕು.

ವೈನಿ ಅದೆಲ್ಲವನ್ನೂ ಮಾಡಿದರು. ಆ ಕುದುರೆಯನ್ನು ಮರಿಯಿದ್ದಾಗಿನಿಂದ ನೋಡಿಕೊಂಡವರು ಅವರು. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಅವರು ನೀರಿನ ಹೌದಿಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ ಹಿಂದಿನಿಂದ ಬಂದು ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. "ಭಾರ ಆಗ್ತೈತಿ ಸರೀಬೇ" ಅನ್ನುತ್ತಿದ್ದರು. ಸರಿಸುತ್ತಿರಲಿಲ್ಲ.

ಐಗಳಿಯ ಕಡೆಯ ಒಬ್ಬ ಗಾಡಿಯವನ ಜೊತೆ ಅಣ್ಣನಿಗೆ ಜಿದ್ದು ಬಿದ್ದದ್ದು ಆ ಹೊತ್ತಿನಲ್ಲೇ. ಇಬ್ಬರೂ ಹಣ ಇಡಲಿಲ್ಲ. ಹಗ್ಗ ಇಟ್ಟರು. ಸೋತವನು ಗಾಡಿ ಬಿಟ್ಟ ಜಾಗದಲ್ಲೇ ಕುದುರೆಯ ಹಗ್ಗವನ್ನು ಗೆದ್ದವನ ಕೈಗೆ ಕೊಟ್ಟು ಬರಿಗಾಡಿಯೊಂದಿಗೆ ಮನೆಗೆ ಹೋಗಬೇಕು. ನಮ್ಮ ಕಡೆ ಜಿದ್ದು ಏರಿದರೆ ಹೀಗೂ ಆಗುತ್ತದೆ. ವೈನಿಗೆ ಇದು ಗೊತ್ತಾದಾಗ ಅವರು ಕೇಳಿದ್ದು ಇಷ್ಟೇ: "ಆ ಐಗಳಿಯವರ ಮನ್ಯಾಗ ಹೆಣ್ಮಕ್ಕಳ ಅದಾರೇನು, ಆಕಿನ್ನ ನೋಡ್ಕೊಳ್ಳಾಕ?" ಅಣ್ಣ ಸಿಟ್ಟಾದ. "ಆಂವನ ಕುದರಿ ನಮ್ಮನಿಗೆ ಬರಾಕತ್ತೇತಿ, ಜಾಗಾ ಮಾಡ. ಅದನ್ನ ಬಿಟ್ಟ ಏನೇನರ ಕೇಳಬ್ಯಾಡ."

ಶರ್ಯತ್ತು ಕಾಗವಾಡದ ಹತ್ತಿರ, ನೆಟ್ಟಗಿನ ಒಂದು ರಸ್ತೆಯಲ್ಲಿ. ದೂರದಲ್ಲಿ ನೆಟ್ಟ ನಿಶಾನೆ ಸುತ್ತಿ ಹೊರಟ ಜಾಗಕ್ಕೆ ತಿರುಗಿ ಬರಬೇಕು. ಗಾಡಿಗಳ ಹಿಂದೆ ಬೈಕುಗಳ ಹಿಂಡು, ಹಾರ್ನು, ಶಿಳ್ಳೆ. ನಾನೂ ಬೈಕಿನಲ್ಲಿ ಅಣ್ಣನ ಎಡಗಡೆಗೆ ಇದ್ದೆ. ಹೋಗುವಾಗ ನಮ್ಮ ಗಾಡಿಯೇ ಮುಂದಿತ್ತು, ಇದು ನಿಜ. ನಿಶಾನೆ ಸುತ್ತುವಾಗ ಹಾರ್ನುಗಳು ಒಂದು ಕ್ಷಣ ನಿಂತವು. ಆಗ ನನಗೆ ಕುದುರೆಯ ಉಸಿರು ಕೇಳಿಸಿತು. ಕಮ್ಮಾರನ ಹರಿದ ತಿದಿಯಿಂದ ಗಾಳಿ ಹೋದಂತೆ ಇತ್ತು. ಹೊಟ್ಟೆಯ ಪಕ್ಕೆ ಒಳಗೆ ಸೆಳೆದುಕೊಂಡು, ಹೊರಗೆ ಬರಲು ತಡಮಾಡುತ್ತಿತ್ತು.

ಐಗಳಿಯ ಗಾಡಿ ನಮ್ಮನ್ನು ದಾಟಿತು. ಅಣ್ಣ ಬಾರುಕೋಲು ಎತ್ತಲಿಲ್ಲ, ಹೊಡೆಯಲೂ ಇಲ್ಲ. ನೆಟ್ಟಗೆ ನಿಂತು, ಹಿಂದೆ ಬಿದ್ದ ಗಾಡಿಯ ಮೇಲಿಂದ, "ಗೆದ್ದೀವು! ಗೆದ್ದೀವು!" ಅಂತ ಒದರುತ್ತಿದ್ದ.

"ಲೇ, ಹಿಂದಿದ್ದಾಂವ ಗೆದ್ದಾನಂತ, ಪೇಢೆ ಹಂಚ್ರೋ!" ಅಂತ ಬೈಕಿನ ಮೇಲಿನ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅಣ್ಣನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅವನ ಕಣ್ಣು ಮುಂದಿನ ಗಾಡಿಯನ್ನು ನೋಡುತ್ತಲೇ ಇರಲಿಲ್ಲ.

ಗಾಡಿ ನಿಂತ ಮೇಲೆ ಅಣ್ಣ ಹಗ್ಗ ಬಿಚ್ಚಿ ಕೊಡಲು ಹೋದ. ಐಗಳಿಯವನು ಕೈ ಚಾಚಲಿಲ್ಲ. ಕುದುರೆಯ ಪಕ್ಕೆಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತ.

"ಏನ್ರಿ ಸಾವಕಾರ್ರ, ಕುದರಿ ಕಟ್ಟೀರೋ, ಪೇಟಿ ಕಟ್ಟೀರೋ? ಒಳಗ ಹಾರ್ಮೋನಿಯಂ ಬಾರಸಾಕತ್ತೇತಲ್ಲ." ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. ದನಿ ಇಳಿಸಿದ. "ಹಗ್ಗಾ ನಿಮ್ಮ ಹಂತ್ಯಾಕ ಇರ್ಲಿ. ಇದನ್ನ ಗಾಡಿಗಿ ಹೂಡಬ್ಯಾಡ್ರಿ ಇನ್ನ. ಮೇಯಾಕ ಬಿಡ್ರಿ. ಬದಕಿದ್ರ ಬದಕೀತು."

ಅಷ್ಟು ಒಳ್ಳೆಯ ಮಾತನ್ನು ಆ ರಸ್ತೆಯಲ್ಲಿ ನಾನು ನಿರೀಕ್ಷಿಸಿರಲಿಲ್ಲ. ಕುದುರೆ ಉಳಿಯಿತು ಅಂದುಕೊಂಡೆ. ಟೆಂಪೋ ಹತ್ತುವಾಗ ಅಣ್ಣ ನನ್ನ ಹೆಗಲು ಹಿಡಿದು ಅಲುಗಿಸಿದ. "ನೋಡಿದ್ಯೋ ಇಲ್ಲೋ? ಮನಸ್ಸ ಗಟ್ಟಿ ಇಟ್ಟಿದ್ದಕ್ಕ ಸೋತರೂ ಕುದರಿ ಮನಿಗೆ ಬಂತು. ಇದನ್ನ ಪಾಸಿಟಿವ್ ಅಂತಾರ."

ಸ್ವಲ್ಪ ದಿನಕ್ಕೆ ರಾಯಬಾಗದ ಕಡೆ ಇನ್ನೊಂದು ಶರ್ಯತ್ತಿಗೆ ಮಾತು ಕೊಟ್ಟ. ಮತ್ತೆ ಹಗ್ಗವೇ ಪಣ. ಈ ಸಲ ಎದುರಿನವನು ಯಾರು ಅಂತ ಹೇಳಲಿಲ್ಲ. ವೈನಿ ಚಿಕ್ಕೋಡಿಗೆ ಫೋನ್ ಮಾಡಿದರು. "ನಾ ಹೇಳಿದ್ರ ಅಪಶಕುನಾ ಅಂತಾರ. ನೀವಾದ್ರೂ ಆ ಮಾತ ಒಮ್ಮೆ ಬಾಯಿಬಿಟ್ಟ ಹೇಳ್ರಿ ಮಾಸ್ತರ."

ಹೋದೆ. ಅಣ್ಣ ಕೊಟ್ಟಿಗೆಯಲ್ಲಿ ಕುದುರೆಯ ಮೈ ಉಜ್ಜುತ್ತಿದ್ದ.

"ಅಣ್ಣಾ, ಕುದರಿ ಕೆಮ್ಮಾಕತ್ತೇತಿ. ಓಡಿದ್ರ ಸಾಯ್ತೈತಿ," ಅಂದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಉಜ್ಜುತ್ತಲೇ ಇದ್ದ.

"ನನಗ ಕಿವಿ ಇಲ್ಲೇನೋ ತಮ್ಮಾ? ನಿನಕಿಂತ ಮೊದಲ ಕೇಳೇನಿ ನಾ. ದಿನಾ ಕೇಳಾಕತ್ತೀನಿ."

"ಮತ್ಯಾಕ ಹೂಡ್ತಿ?"

ಉಜ್ಜುವುದನ್ನು ನಿಲ್ಲಿಸಿದ. "ಮುಗೀತು ಅಂತ ಒಮ್ಮೆ ಅಂದ್ನೆಂದ್ರ, ಮರದಿನಾ ಮುಂಜಾನೆ ಎದ್ದ ನಾ ಏನ ಮಾಡ್ಲಿ? ಹೇಳ. ನೀ ಸಾಲೀಗಿ ಹೋಗ್ತಿ. ನಾ ಎಲ್ಲಿ ಹೋಗ್ಲಿ?"

ಅವನನ್ನು ಮೂರ್ಖ ಅಂದುಕೊಂಡಿದ್ದರೆ ಬೈದು ಬರಬಹುದಿತ್ತು. ಅವನಿಗೆ ಎಲ್ಲವೂ ತಿಳಿದಿತ್ತು.

ರಾಯಬಾಗಕ್ಕೆ ನಾನು ಹೋಗಲಿಲ್ಲ. ಆ ದಿನ ವೈನಿಯ ಜೊತೆ ತೋಟದ ಮನೆಯಲ್ಲೇ ಇದ್ದೆ. ಅವರು ಮುಂಜಾನೆ ಎಂದಿನಂತೆ ಆರತಿ ಮಾಡಿ ಕಳಿಸಿದ್ದರು. ಹೊತ್ತು ಇಳಿದ ಮೇಲೆ ಟೆಂಪೋ ಬಂತು. ಅದರಲ್ಲಿ ಗಾಡಿ ಇತ್ತು. ಅಣ್ಣ ಮುಂದೆ ಡ್ರೈವರನ ಪಕ್ಕದಲ್ಲಿ ಕೂತಿದ್ದ. ವೈನಿ ಹಿಂದೆ ಹೋಗಿ, ಹಲಗೆಯ ಮೇಲಿಂದ ಒಳಗೆ ನೋಡಿದರು.

"ಆಕಿ ಎಲ್ಲಿ?"

"ನಿಶಾನಿ ಹಂತ್ಯಾಕ ನಿಂತಬಿಟ್ಳು. ಬಿದ್ದಿಲ್ಲ ಮತ್ತ. ನಿಂತ್ಳು, ಅಷ್ಟ."

"ಯಾರಿಗಿ ಕೊಟ್ರಿ?"

"ಒಬ್ಬಾಂವ ಇದ್ದ. ಛಲೋ ಮನಷ್ಯಾ. ಛಲೋ ಜಾಗಾಕ ಹೋಗ್ಯಾಳ."

"ಯಾವ ಊರಾಂವ? ಹೆಸರೇನು?"

"ಕೇಳಿಲ್ಲ."

"ಉಸರ ಹತ್ತಿದ ಕುದರಿ ಒಯ್ದಾಂವ ಅದನ್ನ ಏನ ಮಾಡ್ತಾನ್ರಿ?" ವೈನಿ ಇದನ್ನು ಮೆಲ್ಲಗೆ ಕೇಳಿದರು, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ. ಅಣ್ಣ ಹೌದಿಗೆ ಹೋಗಿ ಕಾಲು ತೊಳೆದುಕೊಂಡ. ಡ್ರೈವರ ನನ್ನನ್ನು ನೋಡಿ, ಕೂಡಲೇ ಮುಖ ಆಚೆ ತಿರುಗಿಸಿದ.

ನಾನು ಆ ರಾತ್ರಿ ಅಲ್ಲೇ ಉಳಿದೆ. ಮುಂಜಾನೆ ಅಡುಗೆಮನೆಗೆ ಹೋದಾಗ ವೈನಿ ಒಂದು ದೊಡ್ಡ ಪಾತ್ರೆಯ ಮುಂದೆ ನಿಂತಿದ್ದರು. ಕುದುರೆಗೆ ಅಂತ ದಿನಾ ಸಂಜೆ ಕಡಲೆ ನೆನೆಹಾಕುವುದು ರೂಢಿ. ಟೆಂಪೋ ಬರುವ ಮೊದಲೇ ಹಾಕಿಬಿಟ್ಟಿದ್ದರು. ಈಗ ನೆನೆದು ಉಬ್ಬಿ ಅಂಚಿನವರೆಗೆ ಬಂದಿತ್ತು. ಅದನ್ನು ಬೇಯಿಸಿ, ಒಗ್ಗರಣೆ ಕೊಟ್ಟು ಉಸಳಿ ಮಾಡಿದರು. ಅಣ್ಣನ ತಾಟಿನಲ್ಲಿ ರೊಟ್ಟಿಯ ಪಕ್ಕ ಬಹಳಷ್ಟು ಬಡಿಸಿದರು.

ಅವನು ತಾಟನ್ನು ನೋಡಿದ. ಅದು ಯಾರ ಕಡಲೆ ಅಂತ ಅವನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ನಾನು ಕಂಡೆ. ಆಮೇಲೆ ಒಂದು ಕಾಳೂ ಬಿಡದೆ ತಿಂದ.

"ಛಲೋ ಆಗೇತಿ," ಅಂದ.