ಕೂರಲಾರದ ವಿದ್ಯಾರ್ಥಿನಿ

ಮೂವತ್ತೊಂದು ವರ್ಷ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿ ದುಡಿದವಳಿಗೆ ನಿವೃತ್ತಿ ಎಂದರೆ ಮೈಯೆಲ್ಲ ಮುಳ್ಳು. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುವಳು. ಸೊಸೆ ಮಡಚಿಟ್ಟ ಹೊದಿಕೆಗಳನ್ನು ಬಿಡಿಸಿ, ಮೂಲೆಗೆ ಮೂಲೆ ಕೂಡಿಸಿ ಇನ್ನೊಮ್ಮೆ ಮಡಚುವಳು.

"ಅತ್ತೆ, ಇದು ವಾರ್ಡಲ್ಲ, ಮನೆ. ಒಂದು ಗಳಿಗೆ ಕೂತ್ಕೊಳ್ಳಿ," ಎಂದು ಸೊಸೆ ರೇಗಿದಳು.

"ಕೂತ್ರೆ ಕಾಲು ಜುಮ್ ಅನ್ನುತ್ತೆ ಕಣೇ."

ಹಳೆಯ ಆಸೆಯೊಂದು ಒಳಗೇ ಕೊರೆಯುತ್ತಿತ್ತು. ಓದು ಏಳನೇ ತರಗತಿಗೇ ನಿಂತಿತ್ತು. ಅಷ್ಟು ವರ್ಷ ರೋಗಿಗಳ ಇಂಗ್ಲಿಷ್ ಕಾಗದಪತ್ರಗಳನ್ನು ಎದೆಗವಚಿಕೊಂಡು ಮಹಡಿ ಹತ್ತಿ ಇಳಿದರೂ ಅವುಗಳಲ್ಲಿ ಏನಿದೆಯೆಂದು ತಿಳಿಯದೇ ಹೋಗಿತ್ತು. ಒಂದು ದಿನ ಯಾರಿಗೂ ಹೇಳದೆ ದೊಡ್ಡವರ ಶಾಲೆಗೆ ಹೋಗಿ ಹತ್ತನೇ ತರಗತಿಗೆ ಹೆಸರು ಬರೆಸಿ ಬಂದಳು.

ಅಲ್ಲೂ ಅದೇ ಕಥೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಇವಳು ನೀರಿನ ಬಾಟಲಿ ಹಿಡಿದು ಎದ್ದಾಯಿತು.

"ಅಮ್ಮಾ, ಅವರಿಗೇನೂ ಆಗಲ್ಲ. ನೀವು ಬರ್ಕೊಳ್ಳಿ," ಎನ್ನುವರು ಮೇಷ್ಟ್ರು.

ವಿಜ್ಞಾನ ನೀರು ಕುಡಿದಷ್ಟು ಸಲೀಸಾಯಿತು. ಬೀಜಗಣಿತ ಮಾತ್ರ ಕಬ್ಬಿಣದ ಕಡಲೆ.

ಗಣಿತ ಪರೀಕ್ಷೆಯ ದಿನ ಪಕ್ಕದ ಸಾಲಿನ ಹೆಂಗಸೊಬ್ಬಳು ತಲೆ ತಿರುಗಿ ದಪ್ಪನೆ ಬಿದ್ದಳು. "ಯಾರೂ ಏಳ್ಬೇಡಿ!" ಎಂದು ಮೇಲ್ವಿಚಾರಕರು ಕೂಗುವಷ್ಟರಲ್ಲಿ ಇವಳು ಅವಳ ಕಾಲೆತ್ತಿ ಚೀಲದ ಮೇಲಿಟ್ಟಾಗಿತ್ತು. ಅವಳು ಸುಧಾರಿಸಿಕೊಂಡ ಮೇಲೆ ಇವಳು ಮತ್ತೆ ಪೆನ್ನು ಹಿಡಿದಾಗ ಅರ್ಧ ಗಂಟೆ ಹೋಗಿತ್ತು. ಫಲಿತಾಂಶ ಬಂದಾಗ ನಾಲ್ಕು ಅಂಕ ಕಡಿಮೆಯಾಗಿ ನಪಾಸು.

"ನಿನಗ್ಯಾಕಮ್ಮ ಬೇಕಿತ್ತು ಊರ ಉಸಾಬರಿ?" ಎಂದ ಮಗ.

"ಕೂತಿದ್ರೆ ಆ ಲೆಕ್ಕ ಬಂದ್ಬಿಡ್ತಿತ್ತಾ?" ಎಂದಳು. ಆದರೆ ಅಂದು ಅರ್ಧ ಊಟ ತಟ್ಟೆಯಲ್ಲೇ ಬಿಟ್ಟು ಎದ್ದಳು. ಸೊಸೆ ಅದನ್ನು ಗಮನಿಸಿದಳು.

ಮರುದಿನ ಸೊಸೆ ಗಣಿತ ಪುಸ್ತಕ ಹಿಡಿದು ಬಂದಳು. "ಬನ್ನಿ ಅತ್ತೆ, ತಾರಸಿಗೆ ಹೋಗೋಣ. ನಿಮಗೆ ಕೂರೋಕೆ ಆಗಲ್ಲ ತಾನೇ? ನಡೀತಾನೇ ಕಲೀರಿ."

ಈ ತುದಿಯಿಂದ ಆ ತುದಿಗೆ ನಡೆಯುತ್ತ ಸೂತ್ರ ಹೇಳುವುದು, ಗೋಡೆ ಸಿಕ್ಕಾಗ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆಯುವುದು. ತಪ್ಪಿದರೆ ಸೊಸೆ ಗದರುವಳು, ಅತ್ತೆ ಅಳಿಸುವಳು. ತಿಂಗಳಲ್ಲಿ ಗೋಡೆಯೆಲ್ಲ ಬೆಳ್ಳಗಾಯಿತು.

ಎರಡನೇ ಸಲ ಗಣಿತದಲ್ಲಿ ಮೂವತ್ತೆಂಟು ಬಂತು, ಪಾಸು. ಮಗ ನಗುತ್ತ ಅಂಕಪಟ್ಟಿ ನೋಡುತ್ತಿದ್ದರೆ ಅವಳು ಆಗಲೇ ಚಪ್ಪಲಿ ಮೆಟ್ಟಿ ಶಾಲೆಗೆಂದು ಮೆಟ್ಟಿಲಿಳಿಯುತ್ತಿದ್ದಳು. ಮುಂದಿನ ತರಗತಿಯಲ್ಲಿ ಜೀವಶಾಸ್ತ್ರ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಹತ್ತಿಕೊಂಡಿತ್ತು.