ನಮ್ಮ ಜೀಪಿಗೆ ನಾಲ್ಕು ಬೆರಳು ಹೆಚ್ಚಾದದ್ದು

ನಾನು ಈಗ ಹೇಳೋದನ್ನ ನೀವು ನಂಬೋದಿಲ್ಲ. ಪರವಾಗಿಲ್ಲ, ನಾನೇ ಅರ್ಧ ನಂಬಿದ್ದೀನಿ. ಉಳಿದರ್ಧ ಹೇಳ್ತಾ ಹೇಳ್ತಾ ಸೇರ್ಕೊಂಡದ್ದು. ಆದ್ರೆ ನಮ್ಮನೆ ಅಂಗಳದಲ್ಲಿ ಜೀಪು ಕಲ್ಲಿನ ಮೇಲೆ ನಿಂತಿರೋದು ನಿಜ. ಅದರ ಟೈರಿನೊಳಗೆ ಕೋಳಿ ಕೂತಿರೋದಂತೂ ಯಾರು ಬೇಕಾದ್ರೂ ಬಂದು ನೋಡ್ಬಹುದು. ಹತ್ತಿರ ಮಾತ್ರ ಹೋಗ್ಬೇಡಿ, ಕುಕ್ಕುತ್ತೆ.

ನಮ್ಮದು ಶಿಕಾರಿಪುರದಿಂದ ಅಂಜನಾಪುರದ ಕಡೆ ಹೋಗೋ ದಾರೀಲಿರೋ ಸಣ್ಣ ಊರು. ಊರಿಗೆ ಬಂದ ಮೊದಲನೇ ಮೋಟಾರು ನಮ್ಮದೇ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪು, ಮೂರು ಕೈ ದಾಟಿ ಹೋದ ವರ್ಷ ಅಪ್ಪನ ಕೈಗೆ ಬಂತು. ಸ್ಟೇರಿಂಗು ಎಡಗಡೆ. ಹಂಗಾಗಿ ಮುಂದಿನ ಗಾಡಿ ದಾಟ್ಬೇಕಂದ್ರೆ ಬಲಗಡೆ ಕೂತೋರು ತಲೆ ಹೊರಗೆ ಹಾಕಿ ನೋಡಿ, 'ಹೂಂ, ಹೋಗ್ಬಹುದು' ಅನ್ಬೇಕು. ಆ ಜಾಗದಲ್ಲಿ ಅಮ್ಮ ಕೂತ್ರೆ, ಅರ್ಧ ಮೈಲಿ ದೂರದಲ್ಲಿ ನಾಯಿ ಕಂಡ್ರೂ 'ಬೇಡ' ಅಂತಾಳೆ. ಒಂದ್ಸಲ ಶಿರಾಳಕೊಪ್ಪದ ತನಕ ಒಂದೇ ಎತ್ತಿನ ಗಾಡಿ ಹಿಂದೆ ಹೋದ್ವಿ. ಕೊನೆಗೆ ಆ ಗಾಡಿಯವನೇ ಬೇಜಾರಾಗಿ ಇಳಿದು, ಎತ್ತಿಗೆ ನೀರು ಕುಡಿಸೋ ನೆಪ ಮಾಡಿ ದಾರಿ ಬಿಟ್ಟ.

ಆದ್ರೆ ಈ ಜೀಪಿನ ದೊಡ್ಡಸ್ತಿಕೆ ಬೇರೆ. ಎಲ್ಲ ಕಾರಿನಲ್ಲೂ ಹಿಂದಿನ ಎರಡು ಗಾಲಿ ದುಡೀತವೆ, ಮುಂದಿನವು ಮದುವೆ ಮನೆ ನೆಂಟರ ಹಾಗೆ ಸುಮ್ಮನೆ ಜೊತೆಗೆ ಉರುಳ್ತವೆ. ನಮ್ಮದರಲ್ಲಿ ಗೇರಿನ ಪಕ್ಕ ಒಂದು ಗಿಡ್ಡ ಹಿಡಿ ಐತೆ. ಅದನ್ನ ಎಳೆದ್ರೆ ಆ ನೆಂಟರೂ ಸೊಂಟಕ್ಕೆ ಟವೆಲ್ ಬಿಗಿದು ಕೆಲಸಕ್ಕೆ ಇಳೀತಾರೆ. ನಾಲ್ಕೂ ಗಾಲಿ ಎಳೀತವೆ! ಅಪ್ಪ ನನಗೆ ಹೇಳ್ಕೊಟ್ಟ ಡ್ರೈವಿಂಗು ಒಂದೇ ಸಾಲು: "ಕೆಸರಿಗೆ ಹಾಕು, ಗಟ್ಟಿ ರಸ್ತೆಗೆ ತೆಗಿ." ಯಾಕೆ ತೆಗೀಬೇಕು ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಈ ಕಥೆನೇ ಇರ್ತಿರಲಿಲ್ಲ. ಸೂರ್ಯದೇವರ ರಥಕ್ಕೆ ಒಂದೇ ಗಾಲಿ ಅಂತಾರಲ್ಲ, ಅದ್ಯಾಕೆ ಅಂತ ನನಗೆ ಈಗ ಅರ್ಥ ಆಗಿದೆ. ಒಂದೇ ಇದ್ರೆ ಇನ್ನೊಂದರ ಜೊತೆ ಜಗಳ ಇಲ್ಲ. ಅವನು ದಿನಾ ಹೊತ್ತಿಗೆ ಸರಿಯಾಗಿ ಬರ್ತಿರೋದು ಅದಕ್ಕೇ.

ಜೀಪಿಗೆ ಮೆಕ್ಯಾನಿಕ್ಕು ನಾನೇ. ಎಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದೆ, ವಿದ್ಯೆ ಮೈಯೆಲ್ಲ ತುರಿಸ್ತಿತ್ತು. ಜೀಪಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು, ಅದು ಶುರುವಾಗೋದೇ ನಲವತ್ತೊಂದನೇ ಪುಟದಿಂದ. ಮೊದಲ ನಲವತ್ತು ಪುಟದಲ್ಲಿರೋ ರೋಗ ಯಾವುದೂ ನಮ್ಮ ಜೀಪಿಗೆ ಬರದಿರಲಿ ಅಂತ ಅಮ್ಮ ಹರಕೆ ಹೊತ್ತಿದ್ಲು. ಪೊರಕೆ ಕಡ್ಡಿಯಲ್ಲಿ ಕಾರ್ಬೊರೇಟರ್ ತೂತು ಬಿಡಿಸಿದ್ದು, ಅಮ್ಮನ ಹಳೇ ಸೀರೆಯಲ್ಲಿ ಪೆಟ್ರೋಲು ಸೋಸಿದ್ದು (ಅಷ್ಟೇನೂ ಹಳೇದಲ್ಲ ಅಂತ ಆಮೇಲೆ ಗೊತ್ತಾಯ್ತು), ಎಲ್ಲಾ ನಾನೇ. ಬಿಚ್ಚಿ ಜೋಡಿಸಿದ ಪ್ರತಿ ಸಲ ಒಂದೆರಡು ಬೋಲ್ಟು ಉಳೀತಿದ್ವು. ಡಬ್ಬಿಯಲ್ಲಿ ಹಾಕಿಡ್ತಿದ್ದೆ. ಅಪ್ಪ ಕೇಳಿದ್ರೆ, "ಮಿಲಿಟರಿಯವರು ಒಂದೊಂದು ಹೆಚ್ಚಿಗೇ ಹಾಕಿರ್ತಾರಪ್ಪ" ಅಂದೆ. ದೇಶದ ಬಗ್ಗೆ ಅಪ್ಪನಿಗೆ ಗೌರವ ಇತ್ತು, ನಂಬಿದ್ರು.

ಹೀಗಿರೋವಾಗ ಸೊರಬಕ್ಕೆ ಹೋದ್ವಿ. ಅಲ್ಲಿ ಮರ ಕೊಯ್ಯೋ ಸಾಮಿಲ್ ಇಟ್ಟಿರೋ ಸಾಹುಕಾರ್ರೊಬ್ರು ಅಪ್ಪನ ಸ್ನೇಹಿತರು. ಅವರ ಶೆಡ್ಡಿನಲ್ಲಿ ಎರಡು ಟೈರು ಬಿದ್ದಿದ್ವು. ನಮ್ಮ ಗಾಲಿಗೇ ಕೂರೋವು, ಆದ್ರೆ ದಪ್ಪ, ಎತ್ತರ, ಒಳ್ಳೆ ಪೈಲ್ವಾನನ ತೋಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಟ್ರಾಕ್ಟರಿಗೆ ಹಿಂದೆ ದೊಡ್ಡ ಗಾಲಿ, ಮುಂದೆ ಚಿಕ್ಕ ಗಾಲಿ. ಟ್ರಾಕ್ಟರು ಎಷ್ಟು ಎಳೆಯುತ್ತೆ! ಹಾಗಾದ್ರೆ ಜೀಪಿಗೂ ಹಿಂದೆ ದೊಡ್ಡದು ಹಾಕಿದ್ರೆ? ಕಾಡಿ ಬೇಡಿ ತಂದೆ, ಹಾಕಿದೆ. ಹಿಂಭಾಗ ಎದ್ದು ನಿಂತು ಜೀಪು ಹಾಯೋಕೆ ಬರೋ ಟಗರಿನ ಹಾಗೆ ಕಾಣ್ತಿತ್ತು. ಊರೋರೆಲ್ಲ ಬಂದು ನೋಡಿ ಹೋದ್ರು. ಹಳೇ ಟೈರು ಎರಡನ್ನೂ ಕೊಟ್ಟಿಗೆಗೆ ಎಸೆದೆ. ನಮ್ಮ ಗಾಡಿ ಹೊಡೆಯೋ ಬಸಣ್ಣ ಮಾತ್ರ ಅದನ್ನ ಸುತ್ತು ಹಾಕಿ ನೋಡಿ, "ತಮ್ಮಾ, ಎಮ್ಮಿಗೆ ಆನೆ ಕಾಲು ಹಚ್ಚೀ ಬಿಡು" ಅಂದ. ಜೀಪು ಬಂದಾಗಿಂದ ಅವನ ಎತ್ತುಗಳಿಗೆ ಸಂತೆ ಸವಾರಿ ತಪ್ಪಿತ್ತು. ಹೊಟ್ಟೆಕಿಚ್ಚು ಅಂದ್ಕೊಂಡೆ.

ಮೊದಲನೇ ಮಳೆ ಬಿತ್ತು. ನೀರಿನ ಚಾನಲ್ ಪಕ್ಕದ ಗದ್ದೇಲಿ ಯಾರದೋ ಗೊಬ್ಬರದ ಗಾಡಿ ಅಚ್ಚಿನ ತನಕ ಹೂತು ಹೋಯ್ತು. ನಾನು ಹೋದೆ, ಗಿಡ್ಡ ಹಿಡಿ ಎಳೆದೆ, ಹಗ್ಗ ಕಟ್ಟಿದೆ. ಗಾಡಿ ಒಂದೇ ಏಟಿಗೆ ಹೊರಗೆ. ಜನ ಶಿಳ್ಳೆ ಹೊಡೆದ್ರು. ಅಲ್ಲಿಗೆ ನಿಲ್ಲಿಸಿ ಮನೆಗೆ ನಡ್ಕೊಂಡು ಬಂದಿದ್ರೆ ಊರಲ್ಲಿ ನನಗೊಂದು ಕಟ್ಟೆ ಕಟ್ಟಿಸ್ತಿದ್ರೇನೋ.

ಗಟ್ಟಿ ರಸ್ತೆ ಬಂತು. ಹಿಡಿ ತೆಗೀಬೇಕು ಅಂತ ಮುಂದಕ್ಕೆ ತಳ್ಳಿದ್ರೆ ಹೋಗ್ತಾ ಇಲ್ಲ! ಕೈಯಲ್ಲಿ ತಳ್ಳಿದೆ, ಕಾಲಲ್ಲಿ ಒದ್ದೆ, ಕೊನೆಗೆ ಮರ್ಯಾದೆ ಕೊಟ್ಟು ಮಾತಾಡಿಸ್ದೆ. ಜಪ್ಪಯ್ಯ ಅನ್ಲಿಲ್ಲ. ಹೋಗ್ತಾ ಹೋಗ್ತಾ ಜೀಪು ಭಾರ ಆಯ್ತು, ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದ ಹಾಗೆ. ಟೈರು ಕಿರ್ ಅಂತಾವೆ, ರಬ್ಬರು ಸುಟ್ಟ ವಾಸನೆ, ಸ್ಟೇರಿಂಗು ತಿರುಗ್ಸೋದು ಅಂದ್ರೆ ಬೀಸೋ ಕಲ್ಲು ಎರಡೂ ಕೈಲಿ ತಿರುಗ್ಸಿದ ಹಾಗೆ. ಎರಡು ಮೈಲಿಗೆ ರೇಡಿಯೇಟರು ಅನ್ನದ ಎಸರಿನ ಹಾಗೆ ಕುದೀತು. ಅಂಗಳಕ್ಕೆ ಬಂದು ಒಂದು ಸಲ ನರಳಿ ನಿಂತುಬಿಡ್ತು.

ಅಪ್ಪ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಸೊರಬದ ಸಾಹುಕಾರ್ರು ಗರಗಸ ಓಡ್ಸೋಕೆ ಒಂದು ಎಂಜಿನ್ನು ಬೇಕು ಅಂತಿದ್ರು. ಶುಕ್ರವಾರ ಬಂದು ಬಿಚ್ಕೊಂಡು ಹೋಗ್ಲಿ" ಅಂದ್ರು. "ಎತ್ತು ಮಲಗಿದ್ರೆ ಎಬ್ಬಿಸ್ಬಹುದು. ಇದನ್ನ ಎಬ್ಬಿಸೋಕೆ ನಿನ್ನ ಬಿಟ್ರೆ ಯಾರಿದ್ದಾರೆ? ನಿನ್ನ ಕೈಲಿ ಆಗೋದಲ್ಲ ಇದು."

ಅವತ್ತು ಬುಧವಾರ. ನನ್ನ ಜೀಪು ಸೊರಬದ ಶೆಡ್ಡಿನಲ್ಲಿ ಗೂಟಕ್ಕೆ ಕಟ್ಟಿದ ಹಾಗೆ ನಿಂತು ದಿನಾ ಮರ ಕೊಯ್ಯೋದನ್ನ ನೆನೆಸ್ಕೊಂಡ್ರೆ ಊಟ ಸೇರಲಿಲ್ಲ. (ಸೇರ್ತು, ಆದ್ರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.) ಗುರುವಾರ ಬೆಳಿಗ್ಗೆಯಿಂದ ಬಿಚ್ಚಿದೆ. ಗೇರಿನ ಎಣ್ಣೆ ಅಮ್ಮನ ಹಂಡೆಗೆ ಬಸಿದೆ. ಬ್ರೇಕು ಬಿಚ್ಚಿ ನೋಡ್ದೆ, ಹಿಡಿದಿಲ್ಲ. ಪುಸ್ತಕ ನೋಡ್ದೆ, ನಲವತ್ತೊಂದನೇ ಪುಟದಿಂದ ಆಚೆ ಎಲ್ಲೂ ಈ ರೋಗ ಇಲ್ಲ. ಅಮ್ಮ ದೃಷ್ಟಿ ಆಗಿದೆ ಅಂತ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಲು. ನಾವೆಲ್ಲ ಸೀನಿದ್ವಿ, ಜೀಪು ಸೀನಲಿಲ್ಲ.

ಮಧ್ಯಾಹ್ನ ಎಲ್ಲಾ ತಿರುಗಿ ಜೋಡಿಸಿ, ಎಣ್ಣೆ ಹಾಕಿ, ಜೀಪಿನ ಕೆಳಗೆ ಮಲಗಿ ಸುಮ್ಮನೆ ಆಕಾಶ ನೋಡ್ತಿದ್ದೆ. ಆಕಾಶ ಕಾಣ್ತಿರಲಿಲ್ಲ, ಜೀಪಿನ ಹೊಟ್ಟೆ ಕಾಣ್ತಿತ್ತು. ಆಗ ಎರಡು ಒಡೆದ ಹಿಮ್ಮಡಿ ಬಂದು ನಿಂತ್ವು. ಬಸಣ್ಣ. ಕೈಲಿ ಗಾಡಿ ಹಗ್ಗ. ಮುಂದಿನ ಗಾಲಿಗೆ ಹಗ್ಗ ಸುತ್ತಿ, ಸುತ್ತು ಮುಗಿದ ಜಾಗಕ್ಕೆ ಗುರುತಿಗೆ ಅಂತ ಗಂಟು ಹಾಕ್ದ. ಸುತ್ತು ಬಿಡಿಸಿ ಅದೇ ಹಗ್ಗ ಹಿಂದಿನ ಗಾಲಿಗೆ ಸುತ್ತಿದ. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಹೊಡಿಸೋರು ಹೀಗೇ ಅಳೀತಾರೆ. ಗಂಟು ಹಗ್ಗದ ತುದಿಗೆ ಮುಟ್ಟಲಿಲ್ಲ. ನಡುವೆ ಬೆರಳಿಟ್ಟು ತೋರಿಸ್ದ. ನಾಲ್ಕು ಬೆರಳು.

"ನೋಡು ತಮ್ಮಾ, ಮುಂದಿಂದು ಒಂದು ಸುತ್ತು ಬರೋದ್ರಾಗ ಹಿಂದಿಂದು ನಾಕ್ ಬೆಳ್ಳು ಮುಂದ ಹೋಗಿರ್ತೈತಿ. ನಾಲ್ಕನ್ನೂ ಒಂದ ನೊಗಕ್ಕ ಕಟ್ಟೀಯಲ್ಲ. ಕೆಸರಾಗ ಜಾರಿ ಹೊಂದ್ಕೊಂಡ್ವು. ಗಟ್ಟಿ ನೆಲದಾಗ ಎಲ್ಲಿ ಜಾರ್ತಾವ? ಒಂದಕ್ಕೊಂದು ಬಿಗ್ಕೊಂಡಾವ."

"ಹಂಗಾದ್ರೆ ಈಗ ಏನು ಮಾಡೋದು ಬಸಣ್ಣ?"

"ಎತ್ತು ನೊಗದಾಗ ತಿರುಚ್ಕೊಂಡ್ರ ಏನ್ ಮಾಡ್ತೀವಿ? ಹಿಂದಕ್ಕ ಸರಸ್ತೀವಿ."

ಅಷ್ಟೇ! ನಾನು ಹತ್ತಿ ರಿವರ್ಸ್ ಹಾಕಿದೆ. ಜೀಪು ನರಳ್ತಾ ಹಿಂದಕ್ಕೆ ಹೋಯ್ತು, ಬಾವಿ ಕಟ್ಟೆ ತನಕ, ತುಳಸಿ ಕಟ್ಟೆ ತನಕ. ಟಕ್ ಅಂತ ಒಂದು ಸದ್ದು. ಗಿಡ್ಡ ಹಿಡಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಮುಂದಕ್ಕೆ ಸರೀತು. ಜೀಪು ಒಂದ್ಸಲ ಮೈ ಕೊಡವಿ ಹಗುರ ಆಯ್ತು. ನಾನೂ ಆದೆ. ಬಸಣ್ಣನ ಕಾಲಿಗೆ ಬೀಳೋದೊಂದು ಬಾಕಿ.

"ನಿನಗೆ ಜೀಪು ಕಂಡ್ರೆ ಆಗಲ್ಲವಲ್ಲ, ಯಾಕೆ ಹೇಳ್ಕೊಟ್ಟೆ?" ಅಂದೆ.

"ಅದು ಕಂಡ್ರ ಆಗಾಂಗಿಲ್ಲ, ಖರೆ" ಅಂದ. "ಆದ್ರ ಗಾಲಿ ಇದ್ದದ್ದು ನಿಂತ್ರ ನೋಡಾಕ ಆಗಾಂಗಿಲ್ಲ."

ಶುಕ್ರವಾರ ಸಾಹುಕಾರ್ರು ಸ್ಪಾನರಿನ ಚೀಲ ತಗೊಂಡೇ ಬಂದ್ರು. ಅಪ್ಪ ತಾಲ್ಲೂಕು ಕಚೇರಿಗೆ ಹೋಗಿದ್ರು. ನಾನು ಜೀಪು ಓಡಿಸಿ ಅಂಗಳದಲ್ಲಿ ಮೂರು ಸುತ್ತು ಹಾಕಿ ಅವರ ಕಾಲ ಬುಡದಲ್ಲಿ ನಿಲ್ಲಿಸ್ದೆ.

"ಎಂಥದಾಗಿತ್ತು ಮಾರಾಯಾ ಇದಕ್ಕೆ?" ಅಂದ್ರು.

ಇಂಥ ಪ್ರಶ್ನೆ ಜನ್ಮಕ್ಕೊಂದು ಸಲ ಬರುತ್ತೆ. ಜಗಲಿ ಮೇಲೆ ನಿಂತು ಶುರು ಮಾಡಿದೆ. ನಾನು ಹೇಗೆ ಎರಡು ದಿನ ಅನ್ನ ನೀರು ಬಿಟ್ಟು ಗಣಿತ ಹಾಕಿದೆ, ಹೇಗೆ ನನಗೆ ಒಂದು ಹಗ್ಗ ಹೊಳೀತು... ಹಗ್ಗ ಅನ್ನೋದ್ರೊಳಗೆ ಅದೇ ಹಗ್ಗ ನನ್ನ ಹೆಗಲ ಮೇಲೆ ಬಿತ್ತು. ಹಿತ್ತಲ ಬಾಗಿಲಿಂದ ಅಪ್ಪ ಬಂದಿದ್ರು. ಅವರ ಹಿಂದೆ ಬಸಣ್ಣ, ಮುಖ ಆಚೆ ತಿರುಗಿಸ್ಕೊಂಡು.

"ಮುಗೀತೇನೋ ನಾಗ ನಿನ್ನ ಪುರಾಣ?" ಅಂದ್ರು ಅಪ್ಪ. ಆಮೇಲೆ ಸಾಹುಕಾರ್ರ ಕಡೆ ತಿರುಗಿ, "ಕ್ಷಮಿಸ್ಬೇಕು, ಎಂಜಿನ್ನು ಕೊಡಲ್ಲ. ನಿಮ್ಮ ಎರಡು ಟೈರು ಮಾತ್ರ ವಾಪಸ್ ತಗೊಂಡ್ಹೋಗಿ."

ಎಂಜಿನ್ನು ಕೊಡಲ್ಲ! ಅಲ್ಲಿಂದ ಮುಂದೆ ಬಿದ್ದ ಬೈಗುಳ ಎಲ್ಲಾ ನನಗೆ ಸೋಬಾನೆ ಹಾಡಿದ ಹಾಗೆ ಕೇಳ್ತು. ದೊಡ್ಡ ಟೈರು ಬಿಚ್ಚಿ ಕೊಟ್ಟೆ, ಜೀಪಿನ ಹಿಂಭಾಗ ಕಲ್ಲಿಗೆ ಕೂರಿಸ್ದೆ, ಹಳೇದನ್ನ ತರೋಕೆ ಕೊಟ್ಟಿಗೆಗೆ ಓಡ್ದೆ. ಬಾಗಿಲಲ್ಲಿ ಅಮ್ಮ ಅಡ್ಡ ನಿಂತಿದ್ಲು.

"ಮುಟ್ಟಿದ್ರೆ ನೋಡು. ಅದರಲ್ಲಿ ಕೋಳಿ ಕಾವಿಗೆ ಕೂತು ಹತ್ತು ದಿನ ಆಯ್ತು."

ತಹಶೀಲ್ದಾರ್ರಿಗೂ ಬಗ್ಗದ ನಮ್ಮಪ್ಪ ಕೋಳಿಗೆ ಬಗ್ಗಿದ್ರು. ಮರಿ ಆಗೋ ತನಕ ಜೀಪು ಕಲ್ಲಿನ ಮೇಲೆ, ಬೀಗದಕೈ ಅವರ ಜೇಬಲ್ಲಿ.

ಈಗ ನಾನು ಇದನ್ನ ಬರೀತಿರೋದೂ ಆ ಜೀಪಲ್ಲೇ ಕೂತು. ಇನ್ನೂ ಎಂಟು ದಿನ ಐತೆ. ಕೋಳಿ ಒಂದು ಬೋಲ್ಟೂ ಬಿಚ್ಚದೆ, ಸುಮ್ಮನೆ ಕೂತೇ ಕೆಲಸ ಮುಗಿಸುತ್ತಲ್ಲ, ಆ ವಿದ್ಯೆ ಬಗ್ಗೆ ಯೋಚಿಸ್ತಿದ್ದೀನಿ. ಜೊತೆಗೆ ಇನ್ನೊಂದು ಸಣ್ಣ ಯೋಚನೆ: ಹಿಂದೆ ಮಾತ್ರ ದೊಡ್ಡದು ಹಾಕಿದ್ದಕ್ಕೆ ತಾನೇ ತಕರಾರು? ಮುಂದೆಯೂ ಅಷ್ಟೇ ದೊಡ್ಡವು ಎರಡು ಹಾಕಿಬಿಟ್ರೆ, ನಾಲ್ಕೂ ಸಮ ಆಗಿ...

ಅಪ್ಪ ಬಂದ್ರು. ಕೈಲಿ ಬಾರುಕೋಲು. ಬರೆದದ್ದನ್ನ ಬೆನ್ನ ಹಿಂದೆ ಮುಚ್ಚಿಟ್ಟೆ. ಅದನ್ನ ನನ್ನ ಕೈಗೇ ಕೊಟ್ಟು, "ಇಳಿ. ಬಸಣ್ಣ ಗಾಡಿ ಕಟ್ಟಿದ್ದಾನೆ, ಇವತ್ತು ಸಂತೆಗೆ ನೀನೇ ಹೊಡಿ" ಅಂದ್ರು. ಬಾರುಕೋಲು ಎತ್ತಿಗೆ ಅಂತ ಗೊತ್ತಾದಾಗ ಆದ ಸಮಾಧಾನ ಇದೆಯಲ್ಲ, ಅದನ್ನೂ ನೀವು ನಂಬೋದಿಲ್ಲ.